ರೆಕ್ಕೆಯ ಮೇಲಿನ ಉಪ್ಪುಕಾಗದ

ಸೆಸ್ನಾ ಕ್ಯಾರವಾನ್ ವಿಮಾನದ ಪಕ್ಕದಲ್ಲಿ ನಿಂತರೆ ರೆಕ್ಕೆಯ ಅಡಿಭಾಗ ಮಾತ್ರ ಕಾಣುತ್ತದೆ, ಅದರ ರೆಕ್ಕೆ ಅಷ್ಟು ಎತ್ತರ. ಮೇಲ್ಮೈಯಲ್ಲಿ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲು ಪೈಲಟ್ ಏಣಿ ಹತ್ತಬೇಕು. ಹತ್ತಿದರೂ ಕಣ್ಣನ್ನು ನಂಬುವಂತಿಲ್ಲ, ಗಾಜಿನಂಥ ತೆಳುಪದರ ಕಣ್ಣಿಗೆ ಬೀಳದೆಯೂ ಇರಬಹುದು. ಕೈಯಿಂದಲೇ ಸವರಿ ನೋಡಬೇಕು. ಬಡಗಿಯ ಉಪ್ಪುಕಾಗದ ಮುಟ್ಟಿದಂತೆ ಅಂಗೈಗೆ ತರಿತರಿ ಅನ್ನಿಸಿತೋ, ಹಾರುವಂತಿಲ್ಲ. ಅಷ್ಟು ಒರಟುತನವೇ ರೆಕ್ಕೆಯ ಎತ್ತುವ ಬಲವನ್ನು ಶೇ. 30ರಷ್ಟು ಕುಗ್ಗಿಸಿ, ಗಾಳಿಯ ತಡೆಯನ್ನು ಶೇ. 40ರಷ್ಟು ಹೆಚ್ಚಿಸಬಲ್ಲದು.

ಮಂಜುಗಡ್ಡೆಯ ಭಾರಕ್ಕೆ ವಿಮಾನ ಬೀಳುತ್ತದೆ ಎಂದು ನಾವು ಊಹಿಸುತ್ತೇವೆ. ಭಾರಕ್ಕಿಂತ ಕೇಡು ಮಾಡುವುದು ಕೆಟ್ಟ ಆಕಾರ. ಮೋಡದೊಳಗೆ ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ತೇಲುವ ನೀರಹನಿಗಳಿರುತ್ತವೆ. ರೆಕ್ಕೆಯ ಅಂಚು ತಾಗಿದ ಕ್ಷಣ ಅವು ಗಡ್ಡೆಯಾಗತೊಡಗುತ್ತವೆ. ಅಂಚು ತೆಳುವಾದಷ್ಟೂ ಹನಿಗಳು ಹೆಚ್ಚು ಅಂಟುತ್ತವೆ. ಹಾಗಾಗಿ ಬಾಲದ ಚಿಕ್ಕ ರೆಕ್ಕೆಗೆ ಮೊದಲು, ಸಣ್ಣ ವಿಮಾನಕ್ಕೆ ಹೆಚ್ಚು ಅಪಾಯ.

ಇದನ್ನು ಮೊದಮೊದಲು ಅನುಭವಿಸಿದವರಲ್ಲಿ ಅಮೆರಿಕದ ಅಂಚೆ ವಿಮಾನಗಳ ಪೈಲಟ್‌ಗಳೂ ಸೇರಿದ್ದರು. 1928ರಲ್ಲಿ ಅಮೆರಿಕದ ವಿಮಾನಯಾನ ಸಂಶೋಧನಾ ಸಂಸ್ಥೆ ನಾಕಾದ ಥಾಮಸ್ ಕ್ಯಾರಲ್ ಮತ್ತು ವಿಲಿಯಂ ಮ್ಯಾಕವಾಯ್ ಲ್ಯಾಂಗ್ಲಿಯಲ್ಲಿ ಹಿಮ ಕಟ್ಟುವ ಮೋಡಗಳನ್ನು ಹುಡುಕಿಕೊಂಡು ಹೋಗಿ ಹಾರಿದರು. ಗುಡ್‌ರಿಚ್ ಕಂಪನಿಯಿಂದ ನಿವೃತ್ತರಾಗಿದ್ದ ರಸಾಯನ ವಿಜ್ಞಾನಿ ವಿಲಿಯಂ ಗೀರ್, 1930ರ ಸುಮಾರಿಗೆ ರೆಕ್ಕೆಯಂಚಿಗೆ ರಬ್ಬರ್ ಹೊದಿಕೆ ಕಟ್ಟಿ, ಅದರೊಳಗೆ ಗಾಳಿ ತುಂಬಿ ಉಬ್ಬಿಸಿ ಗಡ್ಡೆ ಒಡೆಯುವ ಉಪಾಯ ಕಂಡುಹಿಡಿದರು. ‘ಬೂಟ್’ ಎಂದು ಕರೆಯುವ ಆ ಹೊದಿಕೆ ಇಂದಿಗೂ ಬಳಕೆಯಲ್ಲಿದೆ. ಲೂಯಿಸ್ ರೋಡರ್ಟ್ ಎಂಜಿನ್ನಿನ ಬಿಸಿಯಿಂದ ರೆಕ್ಕೆ ಕಾಯಿಸುವ ದಾರಿ ಹಿಡಿದರು. 1946ನೇ ಸಾಲಿನ ಕೊಲಿಯರ್ ಟ್ರೋಫಿ ಅವರದಾಯಿತು.

ನಡುವೆ ಎರಡನೇ ಮಹಾಯುದ್ಧ ಬಂತು. ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಹಿಮಾಲಯದ ಅಂಚು ದಾಟಿ ಸರಕು ಒಯ್ಯುತ್ತಿದ್ದ ವಿಮಾನಗಳಿಗೆ ‘ಹಂಪ್’ ಎಂಬ ಆ ದಾರಿಯಲ್ಲಿ ಹಿಮ ನಿತ್ಯದ ಶತ್ರು. ಆ ರಣರಂಗದ ಅಮೆರಿಕನ್ ವಿಮಾನಗಳು ದುರಸ್ತಿಗೆ ಬರುತ್ತಿದ್ದದ್ದು ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಈ ಹಿಮವನ್ನು ಅಭ್ಯಸಿಸಲು 1944ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೋಡವನ್ನೇ ಕೃತಕವಾಗಿ ಸೃಷ್ಟಿಸಬಲ್ಲ ಗಾಳಿಸುರಂಗ ಶುರುವಾಯಿತು.

ಆಮೇಲೆ ಆದದ್ದು ನನ್ನ ಮನಸ್ಸಿಗೆ ನೋವು ತರುವ ಸಂಗತಿ. ಜೆಟ್‌ಗಳು ಬಂದವು. ಅವು ಹಿಮದ ಮೋಡಗಳನ್ನು ಕೆಲವೇ ನಿಮಿಷಗಳಲ್ಲಿ ದಾಟಿ ಮೇಲೇರುತ್ತವೆ, ಎಂಜಿನ್ನಿನ ಬಿಸಿಗಾಳಿಯೂ ಅವಕ್ಕೆ ಧಾರಾಳ. ಸಮಸ್ಯೆ ಬಗೆಹರಿಯಿತೆಂದು ಐವತ್ತರ ದಶಕದಲ್ಲೇ ನಾಕಾದ ಹಿಮ ಸಂಶೋಧನೆ ನಿಂತಿತು. 1978ರಲ್ಲಿ ನಾಕಾದ ಉತ್ತರಾಧಿಕಾರಿ ನಾಸಾ ಅದನ್ನು ಮತ್ತೆ ಎತ್ತಿಕೊಳ್ಳುವ ತನಕ ಎರಡು ದಶಕ ಕಳೆದವು. ಕೆಳಗೆ, ಅದೇ ಮೋಡದೊಳಗೆ, ಸಣ್ಣ ವಿಮಾನಗಳು ಹಾರುತ್ತಲೇ ಇದ್ದವು.

1984ರಲ್ಲಿ ಪ್ರಮಾಣಪತ್ರ ಪಡೆದ ಕ್ಯಾರವಾನ್ ಸರಕು ಸಾಗಣೆಗೆ ಹೇಳಿ ಮಾಡಿಸಿದಂತಿತ್ತು. ಒಂದು ಎಂಜಿನ್, ಒಬ್ಬರೇ ಪೈಲಟ್, ದೊಡ್ಡ ನಿಲ್ದಾಣದಿಂದ ಚಿಕ್ಕ ಊರಿಗೆ ಪಾರ್ಸೆಲ್. ಆದರೆ ಮಡಚಲಾಗದ ಚಕ್ರಗಳು, ರೆಕ್ಕೆಗೆ ಆನಿಸಿದ ಊರೆಗೋಲು, ಹೊಟ್ಟೆಯಡಿಯ ಸರಕುಪೆಟ್ಟಿಗೆ, ಎಲ್ಲಕ್ಕೂ ಹಿಮ ಅಂಟುತ್ತದೆ. ಬೂಟ್ ಅದೆಲ್ಲವನ್ನೂ ಕಾಯಲಾರದು. 2005ರ ಅಕ್ಟೋಬರ್ 6ರ ಬೆಳಗಿನ ಜಾವ ಕೆನಡಾದ ವಿನಿಪೆಗ್‌ನಿಂದ ಸರಕು ಹೊತ್ತು ಹೊರಟ ಕ್ಯಾರವಾನ್ ಹಿಮ ಕಟ್ಟಿ ವಾಪಸಾಗಲು ಯತ್ನಿಸಿ ರೈಲುಹಳಿಯ ಮೇಲೆ ಬಿತ್ತು. ಹಿಮದ ಹವೆಯಲ್ಲಿ ಹೊರಬಹುದಾದ ಮಿತಿಗಿಂತ ಭಾರ ಅದರಲ್ಲಿತ್ತು. ಒಳಗಿದ್ದ ಒಬ್ಬರೇ ಪೈಲಟ್ ಉಳಿಯಲಿಲ್ಲ. ಮರುತಿಂಗಳು ಮಾಸ್ಕೋ ಬಳಿ ಇನ್ನೊಂದು ಕ್ಯಾರವಾನ್ ಬಿದ್ದು 8 ಮಂದಿ ಸತ್ತರು. 2006ರಲ್ಲಿ ಅಮೆರಿಕದ ನಿಯಮ ಬಿಗಿಯಾಯಿತು: ಹಿಮದಲ್ಲಿ ವೇಗ 120 ನಾಟ್‌ಗಿಂತ ಇಳಿಯಬಾರದು, ಮಧ್ಯಮ ಮಟ್ಟದ ಹಿಮಕ್ಕೂ ನುಗ್ಗಬಾರದು.

ಹನಿಯ ಗಾತ್ರದ ಪಾಠವೂ ಸಾವಿನಿಂದಲೇ ಬಂತು. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್‌ನಲ್ಲಿ ಎಟಿಆರ್ 72 ಪ್ರಯಾಣಿಕ ವಿಮಾನ ಬಿದ್ದು 68 ಮಂದಿ ತೀರಿಕೊಂಡರು. ಹಳೆಯ ನಿಯಮಗಳು ಲೆಕ್ಕಕ್ಕೆ ಹಿಡಿದದ್ದಕ್ಕಿಂತ ದೊಡ್ಡ ಹನಿಗಳು ಬೂಟ್‌ನ ಹಿಂದಕ್ಕೆ ಹರಿದು, ಅದು ಮುಟ್ಟದ ಜಾಗದಲ್ಲಿ ಏಣು ಕಟ್ಟಿದ್ದವು. 2002ರ ಡಿಸೆಂಬರ್ 21ರಂದು ತೈಪೆಯಿಂದ ಮಕಾವ್‌ಗೆ ಹೊರಟ ಸರಕಿನ ಎಟಿಆರ್ ಕೂಡ ಹಿಮಕ್ಕೆ ಸಿಕ್ಕಿ ಪೆಂಘು ದ್ವೀಪಗಳ ಬಳಿಯ ಕಡಲಿಗೆ ಬಿತ್ತು, ಇಬ್ಬರು ಪೈಲಟ್‌ಗಳೂ ಸತ್ತರು. ದೊಡ್ಡ ಹನಿಗಳನ್ನು ಗಣಿಸುವ ಅಮೆರಿಕದ ನಿಯಮ ಬಂದದ್ದು 2014ರಲ್ಲಿ. ಅದೂ ದೊಡ್ಡ ವರ್ಗದ ವಿಮಾನಗಳ ನಿಯಮಾವಳಿಗೆ. ಕ್ಯಾರವಾನ್ ಆ ವರ್ಗದ್ದಲ್ಲ.

ಕ್ಯಾರವಾನ್‌ಗೆ ಈಗ ಟಿಕೆಎಸ್ ಎಂಬ ವ್ಯವಸ್ಥೆ ಸಿಗುತ್ತದೆ. ಅತಿ ಸಣ್ಣ ರಂಧ್ರಗಳ ಲೋಹದ ಅಂಚಿನಿಂದ ಗ್ಲೈಕಾಲ್ ದ್ರವ ಜಿನುಗಿ, ಗಡ್ಡೆ ಕಟ್ಟದಂತೆ ಕಾಯುತ್ತದೆ. ಬೂಟ್‌ಗಿಂತ ಇದು ಎಷ್ಟೋ ಮೇಲು. ಆದರೆ ಆ ದ್ರವಕ್ಕೂ ತೂಕವಿದೆ. ಅದನ್ನು ತುಂಬಿಕೊಂಡಷ್ಟು ಪಾರ್ಸೆಲ್ ಕೆಳಗಿಳಿಸಬೇಕು, ಮತ್ತು ಟ್ಯಾಂಕ್ ಬರಿದಾಗುವ ಮುನ್ನ ಪೈಲಟ್ ಮೋಡದಿಂದ ಹೊರಬಿದ್ದಿರಬೇಕು.