ಗರ್ಭದ ಗುಟ್ಟು ಮತ್ತು ಕಾನೂನಿನ ಕಣ್ಣು

ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಯಾವ ಸ್ಕ್ಯಾನಿಂಗ್ ಕೇಂದ್ರವನ್ನು ಹೊಕ್ಕರೂ ಗೋಡೆಯ ಮೇಲೊಂದು ಫಲಕ ಇರಲೇಬೇಕು. ಇಲ್ಲಿ ಭ್ರೂಣದ ಲಿಂಗವನ್ನು ತಿಳಿಸುವುದಿಲ್ಲ, ಅದು ಅಪರಾಧ ಎಂದು ಅದು ಸಾರುತ್ತದೆ. ಆ ಫಲಕದ ಹಿಂದಿನ ಇತಿಹಾಸವನ್ನು ಶ್ರಾವಕ ಬಂಧುಗಳು ಅರಿಯುವುದು ಉಚಿತ.

ಸಂತಾನದ ವಿಷಯದಲ್ಲಿ ಆಡಳಿತದ ಪ್ರವೇಶ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲಿಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅನುಮತಿ ನೀಡಿತ್ತು. ಅಂದು ಸರ್ಕಾರ ಒಂದು ಸೌಲಭ್ಯವನ್ನು ಒದಗಿಸಿತು; ಮುಂದೆ ಇನ್ನೊಂದು ಸೌಲಭ್ಯಕ್ಕೆ ಕಡಿವಾಣ ಹಾಕಬೇಕಾಯಿತು. ವಂಶವಾಹಿ ದೋಷಗಳ ಪತ್ತೆಗೆಂದು 1970ರ ದಶಕದಲ್ಲಿ ಭಾರತಕ್ಕೆ ಬಂದ ಗರ್ಭಜಲ ಪರೀಕ್ಷೆಯೂ, ಅದರ ಬೆನ್ನಿಗೆ ಹರಡಿದ ಅಲ್ಟ್ರಾಸೌಂಡ್ ಯಂತ್ರವೂ ಹೆಣ್ಣು ಭ್ರೂಣವನ್ನು ಹುಡುಕಿ ತೆಗೆಯುವ ಸಾಧನಗಳಾದವು. 1988ರಲ್ಲಿ ಮಹಾರಾಷ್ಟ್ರ ಮೊದಲ ಕಾಯಿದೆ ಮಾಡಿತು. ಕೇಂದ್ರದ ಕಾಯಿದೆ 1994ರಲ್ಲಿ ಅಂಗೀಕೃತವಾಗಿ, 1996ರ ಜನವರಿ 1ರಿಂದ ಜಾರಿಗೆ ಬಂದಿತು. ಬಂದದ್ದೇನೋ ನಿಜ, ನಡೆದದ್ದು ಕಡಿಮೆ. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಸರ್ಕಾರಗಳನ್ನು ಎಚ್ಚರಿಸಬೇಕಾಯಿತು. 2003ರ ತಿದ್ದುಪಡಿ ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿತು.

ಅಷ್ಟರಲ್ಲಿ ಜನಗಣತಿ ತನ್ನ ಲೆಕ್ಕವನ್ನು ಮುಂದಿಟ್ಟಿತ್ತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946. ಅದೇ ವರ್ಷ ದೇಶದ ಸರಾಸರಿ 927. ಜೈನ ಸಮಾಜದಲ್ಲಿಯೋ, 870! ಸಾಕ್ಷರತೆಯಲ್ಲಿ ದೇಶಕ್ಕೇ ಮುಂದಿದ್ದ ಸಮಾಜ ನಮ್ಮದು. ಇರುವೆಗೂ ನೋವಾಗದಂತೆ ನಡೆಯಬೇಕೆನ್ನುವ ಮನೆಗಳು ನಮ್ಮವು. 2011ರಲ್ಲಿಯೂ ಅದು 889ಕ್ಕಷ್ಟೇ ಏರಿತು. ಇದು ಉತ್ತರದವರ ಮಾತೆಂದು ಕೆಲವರು ಸಮಾಧಾನ ತಾಳಬಹುದು. ಚಿಕ್ಕಪೇಟೆಯಲ್ಲಿ ನೆಲೆಸಿರುವ ರಾಜಸ್ಥಾನ, ಗುಜರಾತಿನ ಬಂಧುಗಳು ಬೇರೆಯವರೆ?

ನಮ್ಮ ಆಚಾರ್ಯರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಕಂಡರು. ಈ ಕಾಯಿದೆಯನ್ನು ಓದುವಾಗ ನನಗೆ ಆ ವಿಂಗಡಣೆಯೇ ನೆನಪಾಗುತ್ತದೆ. ಮಾಡಿದ ವೈದ್ಯನಿಗೂ ಮಾಡಿಸಿದ ಬಂಧುವಿಗೂ ಮೂರು ವರ್ಷದವರೆಗಿನ ಸೆರೆವಾಸವಿದೆ. ಗರ್ಭಿಣಿಯನ್ನು ಪತಿಯೋ ಬಂಧುಗಳೋ ಬಲವಂತಪಡಿಸಿದರೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಅವರದು. ಮೂರನೆಯದಾದ ಅನುಮೋದನೆ ಮಾತ್ರ ಕಾನೂನಿನ ಕೈಗೆ ಸಿಕ್ಕುವುದು ದುರ್ಲಭ. ಎರಡನೆಯ ಹೆಣ್ಣು ಹುಟ್ಟಿದ ಮನೆಗೆ ಹೋಗಿ ನಿಟ್ಟುಸಿರಿಡುವವರ ಮೇಲೆ ಯಾವ ಮೊಕದ್ದಮೆ ಹೂಡಲು ಸಾಧ್ಯ?

2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ಅವರು ಹೇಳಿದಂತೆ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಫಲಕವನ್ನು ಯಾರು ತೂಗುಹಾಕಿಯಾರು! ಆದರೂ ದಾರಿ ವಿಚಾರಿಸಿಕೊಂಡು ಅಲ್ಲಿಗೆ ಹೋದ ಕುಟುಂಬಗಳಿದ್ದವು.