ಅಕ್ಷಯನೀವಿ

ಕಾವ್ಯವನ್ನು ಓದಿದವರಿಗೆ ‘ನೀವಿ’ ಎಂದೊಡನೆ ನೆನಪಾಗುವುದು ಉಟ್ಟ ಸೀರೆಯ ಗಂಟು. ಶಾಸನಗಳನ್ನು ಓದುವವರಿಗೆ ಆ ಮಾತಿನ ಇನ್ನೊಂದು ಅರ್ಥವೂ ಪರಿಚಿತ: ನೀವಿ ಎಂದರೆ ಮೂಲಧನ. ಗಂಟನ್ನು ಬಿಚ್ಚದೆ, ಅದರಿಂದ ಹುಟ್ಟಿದ ಬಡ್ಡಿಯನ್ನು ಮಾತ್ರ ಅನುಭವಿಸಬೇಕೆಂದು ಕಟ್ಟುಮಾಡಿ ಇಟ್ಟ ಹಣಕ್ಕೆ ‘ಅಕ್ಷಯನೀವಿ’ ಎಂದು ಹೆಸರು.

ಕೂಡಿಟ್ಟ ಹಣವನ್ನು ಎಲ್ಲಿ ತೊಡಗಿಸಿದರೆ ಇಪ್ಪತ್ತು ವರ್ಷಗಳ ಮೇಲೂ ಅದು ಹಣವಾಗಿಯೇ ಉಳಿದೀತು ಎಂಬ ಪ್ರಶ್ನೆ ಇಂದು ಪ್ರತಿಯೊಂದು ಮನೆಯಲ್ಲೂ ಇದೆ. ಠೇವಣಿಯ ಬಡ್ಡಿ ಇಳಿಯುತ್ತದೆ. ಷೇರುಪೇಟೆ ಏರಿದಂತೆಯೇ ಬೀಳುತ್ತದೆ. ಬೆಲೆಗಳು ಮಾತ್ರ ಏರಿದ ಮೆಟ್ಟಿಲನ್ನು ಇಳಿಯುವುದಿಲ್ಲ. ಇದೇ ಪ್ರಶ್ನೆಯನ್ನು ಇಪ್ಪತ್ತು ವರ್ಷಕ್ಕಲ್ಲ, ಸೂರ್ಯಚಂದ್ರರು ಇರುವವರೆಗಿನ ಅವಧಿಗೆ ಹಾಕಿಕೊಂಡವರು ನಮ್ಮ ಪ್ರಾಚೀನ ದಾನಿಗಳು. ಅವರು ಕಂಡುಕೊಂಡ ಉತ್ತರಗಳು ಕಲ್ಲಿನ ಮೇಲೂ ತಾಮ್ರದ ಮೇಲೂ ಉಳಿದಿವೆ.

ಮೊದಲನೆಯ ಉತ್ತರ ನಾಸಿಕದ ಗುಹೆಯೊಂದರಲ್ಲಿದೆ. ಕ್ಷತ್ರಪ ದೊರೆ ನಹಪಾನನ ಅಳಿಯನಾದ ಉಷವದಾತನು ಬೌದ್ಧಸಂಘಕ್ಕೆ ಒಂದು ಗುಹೆಯನ್ನು ದಾನ ಮಾಡಿದ. ಗುಹೆಯೇನೋ ಕಲ್ಲಿನದು, ನಿಲ್ಲುತ್ತದೆ. ಅದರಲ್ಲಿ ವಾಸಿಸುವ ಭಿಕ್ಷುಗಳು ಉಡಬೇಡವೇ? ಅದಕ್ಕಾಗಿ ಆತ 3000 ಕಾರ್ಷಾಪಣಗಳ ಅಕ್ಷಯನೀವಿಯನ್ನು ಏರ್ಪಡಿಸಿದ. ಆ ಹಣವನ್ನು ಅರಮನೆಯ ಬೊಕ್ಕಸದಲ್ಲಿ ಇಡಲಿಲ್ಲ. ಹತ್ತಿರದ ಗೋವರ್ಧನವೆಂಬ ಪಟ್ಟಣದ ನೇಕಾರರ ಒಂದು ಶ್ರೇಣಿಯಲ್ಲಿ 2000ವನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೂ, ಇನ್ನೊಂದು ಶ್ರೇಣಿಯಲ್ಲಿ 1000ವನ್ನು ನೂರಕ್ಕೆ ಮುಕ್ಕಾಲರ ಬಡ್ಡಿಗೂ ಇರಿಸಿದ. ಮೊದಲನೆಯದರಿಂದ ವರ್ಷಕ್ಕೆ 240 ಬರುತ್ತದೆ; ಮಳೆಗಾಲವನ್ನು ಅಲ್ಲಿ ಕಳೆಯುವ 20 ಭಿಕ್ಷುಗಳಿಗೆ ತಲೆಗೆ 12ರಂತೆ ವಸ್ತ್ರದ ಹಣ. ಲೆಕ್ಕ ಚೊಕ್ಕವಾಗಿದೆ. ಅಸಲನ್ನು ಹಿಂದಿರುಗಿಸಬೇಕಾಗಿಲ್ಲ, ಬಡ್ಡಿಯನ್ನು ಮಾತ್ರ ಕೊಡುತ್ತಿರಬೇಕೆಂಬ ಕರಾರನ್ನು ನಿಗಮಸಭೆಯಲ್ಲಿ ಸಾರಿ, ಫಲಕದ ಮೇಲೆ ಬರೆಸಿದರು. ಎಲ್ಲವನ್ನೂ ಒಂದೇ ಕೈಯಲ್ಲಿ ಇಡದೆ ಎರಡು ಕೈಗಳಿಗೆ ಹಂಚಿದ್ದು ಇಲ್ಲಿ ಗಮನಿಸತಕ್ಕ ಅಂಶ.

ಆದರೆ ಈ ವ್ಯವಸ್ಥೆಯೆಲ್ಲ ನಾಣ್ಯದ ಮೇಲೆ ನಿಂತಿತ್ತು. ಬಹುಕಾಲ ಕಳೆಯುವ ಮೊದಲೇ ಸಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ನಹಪಾನನ ವಂಶವನ್ನು ಸೋಲಿಸಿದ. 1906ರಲ್ಲಿ ನಾಸಿಕದ ಸಮೀಪದ ಜೋಗಲ್‌ತೆಂಭಿಯಲ್ಲಿ ನಹಪಾನನ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳ ನಿಕ್ಷೇಪವೊಂದು ಸಿಕ್ಕಿತು. ಅವುಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಗೆದ್ದ ದೊರೆಯ ಮುದ್ರೆಯನ್ನು ಮತ್ತೆ ಒತ್ತಲಾಗಿದೆ. ಸೋತವನ ಮುಖ ಕೆಳಗೆ, ಗೆದ್ದವನ ಚಿಹ್ನೆ ಮೇಲೆ. ನಾಣ್ಯವು ಬೆಳ್ಳಿಯೇ ಆದರೂ ಅದರ ಹಿಂದೆ ನಿಂತ ಮಾತು ರಾಜ್ಯದೊಡನೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಭೂಮಿ? ನಮ್ಮ ಹಿರಿಯರ ಮಾತಿನಲ್ಲಿ ಭೂಮಿಗಿಂತ ಸ್ಥಿರವಾದದ್ದಿಲ್ಲ. ಅದಕ್ಕೆ ‘ಸ್ಥಿರಾಸ್ತಿ’ ಎಂದೇ ಹೆಸರು. ಅದೇ ಗೌತಮೀಪುತ್ರನು ನಾಸಿಕದ ಬೆಟ್ಟದ ತಪಸ್ವಿಗಳಿಗೆ ಕಖಡಿ ಎಂಬ ಗ್ರಾಮದಲ್ಲಿ ಹೊಲವನ್ನು ದಾನ ಮಾಡಿದ್ದ. ಆತನ ಆಳ್ವಿಕೆಯ 24ನೆಯ ವರ್ಷದ ಶಾಸನವನ್ನು ನೋಡಿದರೆ, ಆ ಹೊಲವನ್ನು ಉಳುವವರಿಲ್ಲ, ಗ್ರಾಮದಲ್ಲಿ ವಾಸಿಸುವವರೂ ಇಲ್ಲ ಎಂಬ ಮಾತು ಸ್ಪಷ್ಟವಾಗಿ ಬಂದಿದೆ. ಭೂಮಿ ಇದ್ದಲ್ಲೇ ಇತ್ತು, ಜನ ಎದ್ದುಹೋಗಿದ್ದರು. ಅದಕ್ಕೆ ಬದಲಾಗಿ ಪಟ್ಟಣದ ಎಲ್ಲೆಯಲ್ಲಿದ್ದ ರಾಜಭೂಮಿಯಿಂದ 100 ನಿವರ್ತನಗಳನ್ನು ಕೊಡುವಂತೆ ಆಜ್ಞೆಯಾಯಿತು.

ಮೂರನೆಯ ಉತ್ತರ ಇನ್ನೂ ಸೂಕ್ಷ್ಮವಾದದ್ದು. ಗುಪ್ತ ದೊರೆ ಸ್ಕಂದಗುಪ್ತನ ಕಾಲದಲ್ಲಿ, ಕ್ರಿ.ಶ. 465ರ ಸುಮಾರಿಗೆ, ದೇವವಿಷ್ಣುವೆಂಬ ಬ್ರಾಹ್ಮಣನು ಇಂದ್ರಪುರದ ಸೂರ್ಯದೇವಾಲಯದ ದೀಪಕ್ಕಾಗಿ ಗಾಣಿಗರ ಶ್ರೇಣಿಯಲ್ಲಿ ದತ್ತಿಯನ್ನಿಟ್ಟ. ಆ ತಾಮ್ರಪಟದಲ್ಲಿ ಎರಡು ಎಚ್ಚರಿಕೆಗಳಿವೆ. ಶ್ರೇಣಿಯು ಆ ಊರನ್ನು ಬಿಟ್ಟು ಬೇರೆಡೆಗೆ ಹೋದರೂ, ಒಗ್ಗಟ್ಟಾಗಿ ಇರುವವರೆಗೆ ಹೊಣೆ ತಪ್ಪುವುದಿಲ್ಲವೆಂಬುದು ಒಂದು. ಇದು ಬರಿಯ ಊಹೆಯ ಭಯವಲ್ಲ. ಅದೇ ಶತಮಾನದ ಮಂದಸೋರಿನ ಶಾಸನವು ರೇಷ್ಮೆ ನೇಕಾರರ ಶ್ರೇಣಿಯೊಂದು ಲಾಟದೇಶವನ್ನು ಬಿಟ್ಟು ದಶಪುರಕ್ಕೆ ವಲಸೆ ಬಂದುದನ್ನೂ, ಅವರಲ್ಲಿ ಕೆಲವರು ಬೇರೆ ಬೇರೆ ವೃತ್ತಿಗಳನ್ನು ಹಿಡಿದುದನ್ನೂ ಹೇಳುತ್ತದೆ. ಎರಡನೆಯ ಎಚ್ಚರಿಕೆ, ಶ್ರೇಣಿಯು ದಿನಕ್ಕೆ ಕೊಡಬೇಕಾದದ್ದು ಇಷ್ಟು ನಾಣ್ಯವೆಂದಲ್ಲ, ಎರಡು ಪಲ ಎಣ್ಣೆ ಎಂಬುದು. ದೀಪಕ್ಕೆ ಬೇಕಾದದ್ದು ಎಣ್ಣೆ. ಆದ್ದರಿಂದ ಕರಾರೂ ಎಣ್ಣೆಯಲ್ಲಿಯೇ.

ಮೂಲಧನವೇ ಮರಿಹಾಕುವಂತಿದ್ದರೆ ಇನ್ನೂ ಲೇಸಲ್ಲವೇ? ಚೋಳರ ಕಾಲದ ತಮಿಳುನಾಡಿನಲ್ಲಿ ಒಂದು ನಂದಾದೀಪಕ್ಕೆ ಸಾಮಾನ್ಯವಾಗಿ 96 ಕುರಿಗಳನ್ನು ಬಿಡುತ್ತಿದ್ದರು. ಅವುಗಳನ್ನು ವಹಿಸಿಕೊಂಡ ಕುರುಬ ದಿನವೂ ಗೊತ್ತಾದ ಅಳತೆಯ ತುಪ್ಪವನ್ನು ದೇವಾಲಯಕ್ಕೆ ಒಪ್ಪಿಸಬೇಕು. ಶಾಸನಗಳು ಈ ಕುರಿಗಳನ್ನು ಸಾಯದವು, ಮುಪ್ಪಾಗದವು ಎಂದು ಕರೆಯುತ್ತವೆ. ಒಂದೊಂದು ಕುರಿಯೂ ಸಾಯುತ್ತದೆ, ಹಿಂಡು ಸಾಯುವುದಿಲ್ಲ. ಅಕ್ಷಯವೆಂಬ ಮಾತಿಗೆ ಇಷ್ಟು ಸರಳವಾದ ವ್ಯಾಖ್ಯಾನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಕನ್ನಡನಾಡಿನ ವರ್ತಕರು ಇನ್ನೊಂದು ದಾರಿಯನ್ನೂ ಹಿಡಿದರು. ಭೂಮಿಯನ್ನೂ ಗದ್ಯಾಣಗಳನ್ನೂ ಕೊಟ್ಟ ಶಾಸನಗಳು ನಮ್ಮಲ್ಲಿ ಹೇರಳವಾಗಿವೆ. ಅವುಗಳ ಜೊತೆಗೆ ಅಯ್ಯಾವೊಳೆಯ ಐನೂರ್ವರಂಥ ವರ್ತಕಸಂಘಗಳು ತಮ್ಮ ವ್ಯಾಪಾರದ ಮೇಲೆಯೇ ದೇವರಿಗೆ ಪಾಲು ಇಟ್ಟವು: ಅಡಕೆ, ಮೆಣಸು, ವೀಳ್ಯದೆಲೆಗಳ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು. ಇದು ಸಾಲಕ್ಕೆ ಬರುವ ಬಡ್ಡಿಯಲ್ಲ, ವ್ಯವಹಾರದಲ್ಲಿ ಭಾಗ. ಸಂತೆ ತುಂಬಿದ ವರ್ಷ ದೇವರಿಗೂ ತುಂಬಿ ಬರುತ್ತದೆ. ಬರಗಾಲದಲ್ಲಿ ದೇವರೂ ವರ್ತಕನೊಡನೆ ಕೈ ಹಿಡಿದು ಬಾಳಬೇಕು. ಇಂದಿನ ಷೇರುದಾರನ ಸುಖದುಃಖವೂ ಮೂಲತಃ ಇದೇ. ಆದರೆ ದಾರಿ ಬದಲಾಗಿ ಸಂತೆಯೇ ನಿಂತುಹೋದರೆ ಪಾಲು ಎಲ್ಲಿಯದು? ಐನೂರ್ವರ ಹೆಸರನ್ನು ಹೊತ್ತ ಐಹೊಳೆ ಇಂದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ.

ಇವೆಲ್ಲ ಹಳೆಯ ಮಾತು ಎನ್ನುವವರು ನಮ್ಮ ವಿದ್ಯಾಸಂಸ್ಥೆಗಳ ದತ್ತಿಗಳತ್ತ ಒಮ್ಮೆ ನೋಡಬೇಕು. ಮಡಿದ ಮಗನ ಹೆಸರಿನಲ್ಲಿಯೋ, ಗುರುವಿನ ಹೆಸರಿನಲ್ಲಿಯೋ, ಕನ್ನಡ ಎಂ.ಎ.ಯಲ್ಲಿ ಮೊದಲಿಗರಾದವರಿಗೆ ವರ್ಷಕ್ಕೊಂದು ಚಿನ್ನದ ಪದಕ ಸಲ್ಲಲೆಂದು ಒಬ್ಬರು 1970ರಲ್ಲಿ 5000 ರೂಪಾಯಿಗಳನ್ನು ನೂರಕ್ಕೆ ಆರರ ಬಡ್ಡಿಗೆ ಇಟ್ಟರೆಂದುಕೊಳ್ಳೋಣ. ವರ್ಷಕ್ಕೆ 300 ರೂಪಾಯಿ. ಆಗ 10 ಗ್ರಾಂ ಚಿನ್ನಕ್ಕೆ 200 ರೂಪಾಯಿಯೊಳಗಿತ್ತು. ಬಡ್ಡಿಯಲ್ಲಿ 15 ಗ್ರಾಂ ಧಾರಾಳವಾಗಿ ಬರುತ್ತಿತ್ತು. 2025ರಲ್ಲಿ ಅದೇ 10 ಗ್ರಾಂ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಅದೇ 300 ರೂಪಾಯಿಗೆ ಒಂದು ಗ್ರಾಮಿನ ನೂರರಲ್ಲಿ ಮೂರು ಪಾಲೂ ಸಿಕ್ಕದು. ಮೂಲಧನದಲ್ಲಿ ಒಂದು ಪೈಸೆಯೂ ಕಳೆದಿಲ್ಲ, ಕರಾರನ್ನು ಯಾರೂ ಮುರಿದಿಲ್ಲ. ಪದಕ ಮಾತ್ರ ಇಲ್ಲ. ದೇವವಿಷ್ಣು ಎಣ್ಣೆಯ ಅಳತೆಯನ್ನು ಏಕೆ ಬರೆಸಿದನೆಂಬುದು ಇಲ್ಲಿ ತಿಳಿಯುತ್ತದೆ.

ನಾಣ್ಯ, ಭೂಮಿ, ಶ್ರೇಣಿಯ ಹೊಣೆ, ಹಿಂಡು, ವ್ಯಾಪಾರದ ಪಾಲು: ಇವುಗಳಲ್ಲಿ ಯಾವುದೂ ತಾನಾಗಿಯೇ ಅಕ್ಷಯವಲ್ಲ. ಒಂದೊಂದಕ್ಕೂ ಅದರದರ ಕ್ಷಯರೋಗ ಉಂಟು. ಹೀಗಿರುವಾಗ ಒಂದನ್ನೇ ನಂಬದೆ ಹಂಚಿಡುವುದು, ಬೇಕಾದದ್ದು ಹಣವೋ ಎಣ್ಣೆಯೋ ಎಂದು ಮೊದಲೇ ತಿಳಿದುಕೊಳ್ಳುವುದು, ಇವೆರಡೂ ವಿವೇಕದ ಮಾತುಗಳೇ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಕಖಡಿಯ ಆ ಬೀಳುಹೊಲದ ಬಳಿ. ದಾನ ಕೊಟ್ಟು ಪುಣ್ಯ ಬರೆಸಿಕೊಂಡ ಮೇಲೂ ಆ ಹೊಲದಲ್ಲಿ ಬೆಳೆ ಇದೆಯೇ ಎಂದು ಯಾರೋ ಹೋಗಿ ನೋಡಿದರು. ಇಲ್ಲವೆಂದು ಅರಮನೆಗೆ ತಿಳಿಸಿದರು. ಅರಮನೆ ಅದನ್ನು ಒಪ್ಪಿಕೊಂಡು, ಸೋಲನ್ನು ಮುಚ್ಚಿಡದೆ ಕಲ್ಲಿನಲ್ಲಿಯೇ ಕೆತ್ತಿಸಿ, ಬೇರೆ ಹೊಲವನ್ನು ಕೊಟ್ಟಿತು. ಅಕ್ಷಯನೀವಿ ಅಷ್ಟು ಕಾಲ ಅಕ್ಷಯವಾಗಿದ್ದುದು ಹೀಗೆ ಹೋಗಿ ನೋಡಿ ಬರುವವರು ಇದ್ದುದರಿಂದ.