ಹಿತ್ತಿಲ ಹಕ್ಕಿಗಳ ಆತಿಥ್ಯ

ಚರಿತ್ರೆಯೆಂದರೆ ರಾಜರ ದಿಗ್ವಿಜಯ, ಶಾಸನ, ದೇವಾಲಯಗಳ ವೃತ್ತಾಂತವೆಂದು ನಾವು ಬಹುಕಾಲದಿಂದ ತಿಳಿದಿರುವೆವು. ಮನೆಯ ಹಿತ್ತಿಲಿಗೂ ಒಂದು ಚರಿತ್ರೆಯುಂಟೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಆದರೆ ನಮ್ಮ ಅಂಗಳಕ್ಕೆ ಯಾವ ಹಕ್ಕಿ ಬರುತ್ತಿತ್ತು, ಯಾವುದು ಬಾರದೆ ಹೋಯಿತು, ಯಾವುದು ಕರೆಯದೆಯೇ ಬಂದು ನೆಲಸಿತು ಎಂಬುದನ್ನು ವಿಚಾರಿಸಿ ನೋಡಿದರೆ, ನಾವು ಬದುಕುವ ರೀತಿಯು ಬದಲಾದ ಕಥೆಯೆಲ್ಲವೂ ಅದರಲ್ಲಿ ಅಡಗಿರುವುದು ಕಂಡುಬರುವುದು. ಬೆಂಗಳೂರಿನ ಪಶ್ಚಿಮ ಭಾಗವಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನು ಮುಂದಿಟ್ಟುಕೊಂಡು ಈ ಕಥೆಯನ್ನು ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ಕಾರಣವಾದ ಸಂದೇಹವು ಇದು. ಹಿಂದೆ ಹಕ್ಕಿಗಳಿಗೆಂದೇ ಬೇರೆಯಾಗಿ ಕಾಳನ್ನು ಕೊಂಡು ತಂದು ಚೆಲ್ಲುತ್ತಿದ್ದವರು ಬಹಳ ಮಂದಿ ಇರಲಿಲ್ಲ. ಆದರೂ ಮನೆಯ ತೊಲೆ ಜಂತಿಗಳಲ್ಲೆಲ್ಲಾ ಗುಬ್ಬಚ್ಚಿಗಳು ಗೂಡುಕಟ್ಟುತ್ತಿದ್ದುವು. ಈಗ ಅಂಗಡಿಯಿಂದ ಜೋಳ ನವಣೆಗಳನ್ನು ತಂದು ಮಹಡಿಯ ಮೇಲೆ ಚೆಲ್ಲುವವರು ಪ್ರತಿಯೊಂದು ಬೀದಿಯಲ್ಲಿಯೂ ಇರುವರು. ಆದರೂ ಗುಬ್ಬಚ್ಚಿ ಬಾರದು, ಪಾರಿವಾಳಗಳೇ ಹಿಂಡುಹಿಂಡಾಗಿ ಬರುವುವು. ದಾನವು ಹೆಚ್ಚಿದಾಗ ಅತಿಥಿಗಳು ಏಕೆ ಕಡಮೆಯಾದರು?

ಹಕ್ಕಿಗೆ ಅನ್ನವಿಡುವುದು ನಮ್ಮಲ್ಲಿ ಹೊಸ ವಿಚಾರವಲ್ಲ. ಗೃಹಸ್ಥನು ನಿತ್ಯವೂ ಮಾಡತಕ್ಕ ಪಂಚ ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ತಾನು ಉಣ್ಣುವ ಮೊದಲು ಕಾಗೆ, ನಾಯಿ, ಕ್ರಿಮಿಕೀಟಗಳಿಗೂ ಒಂದು ಪಾಲನ್ನು ನೆಲದ ಮೇಲಿಡಬೇಕೆಂಬುದು ಅದರ ತಾತ್ಪರ್ಯ. ಶ್ರಾದ್ಧದ ದಿನ ಕಾಗೆಗಾಗಿ ಕಾದು ನಿಲ್ಲುವ ಸಂಪ್ರದಾಯವು ಇಂದಿಗೂ ಉಳಿದಿದೆ. ಅಶೋಕ ಚಕ್ರವರ್ತಿಯು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಕೂಡದ ಪ್ರಾಣಿಗಳ ಪಟ್ಟಿಯನ್ನು ಕೊಡುವಾಗ ಗಿಳಿ ಗೊರವಂಕಗಳಿಂದಲೇ ಪ್ರಾರಂಭಿಸಿರುವನು. ಕಾಗೆಯು ಒಂದಗುಳನ್ನು ಕಂಡರೂ ತನ್ನ ಬಳಗವನ್ನು ಕರೆಯುವುದೆಂಬ ಸಾಮಾನ್ಯ ಸಂಗತಿಯನ್ನೇ ಹಿಡಿದು ಹಂಚಿ ಉಣ್ಣದ ಮನುಷ್ಯನನ್ನು ಬಸವಣ್ಣನವರು ನಾಚಿಸಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಅವರ ಹೆಸರನ್ನು ಹೊತ್ತ ಬಡಾವಣೆಯಲ್ಲಿ ವಾಸಮಾಡುವವರಿಗಂತೂ ಈ ಮಾತು ಮರೆಯತಕ್ಕುದಲ್ಲ. ಮಲೆನಾಡಿನ ಮನೆಗಳಲ್ಲಿ ಹೊಸ ಬತ್ತದ ತೆನೆಗಳನ್ನು ಹೆಣೆದು ಬಾಗಿಲಿಗೆ ಕಟ್ಟುವ ತೋರಣವೂ ಶೋಭೆಗೆ ಶೋಭೆ, ಗುಬ್ಬಿಗೆ ಗ್ರಾಸ.

ಹಾಗೆಂದು ನಮ್ಮ ಪೂರ್ವಿಕರೆಲ್ಲರೂ ಪಕ್ಷಿಗಳ ವಿಷಯದಲ್ಲಿ ದಯಾಮೂರ್ತಿಗಳಾಗಿದ್ದರೆಂದು ಹೇಳಲಾಗದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಡೇಗೆಯನ್ನು ಬಿಟ್ಟು ಹಕ್ಕಿಗಳನ್ನು ಹಿಡಿಸುವ ವಿನೋದವೂ ಕೋಳಿಯ ಕಾಳಗವೂ ವಿಸ್ತಾರವಾಗಿ ವರ್ಣಿತವಾಗಿವೆ. ಗಿಳಿಯನ್ನು ಪಂಜರದಲ್ಲಿಟ್ಟು ಸಾಕುವುದು ಮೊನ್ನೆ ಮೊನ್ನೆಯವರೆಗೂ ಗೌರವಸ್ಥರ ಮನೆಯ ಲಕ್ಷಣವೆನಿಸಿತ್ತು. ಆದುದರಿಂದ ಹಿಂದಿನ ಹಿತ್ತಿಲುಗಳಲ್ಲಿ ಹಕ್ಕಿಗಳು ತುಂಬಿದ್ದುದಕ್ಕೆ ನಮ್ಮ ಧರ್ಮಬುದ್ಧಿಯೊಂದೇ ಕಾರಣವಲ್ಲ. ನಿಜವಾದ ಕಾರಣವನ್ನು ಬೇರೆಡೆ ಹುಡುಕಬೇಕು.

ಇಂದಿನ ಪಶ್ಚಿಮ ಬೆಂಗಳೂರು ಮುಕ್ಕಾಲು ಶತಮಾನದ ಹಿಂದೆ ಪಟ್ಟಣವಾಗಿರಲಿಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಮೊದಲಾದ ಹೆಸರುಗಳೇ ಇದಕ್ಕೆ ಸಾಕ್ಷಿ. ಇವು ರಾಗಿ, ಅವರೆ, ಹುರುಳಿಗಳನ್ನು ಬೆಳೆಯುವ ಸೀಮೆಯ ಹಳ್ಳಿಗಳು. ಅಂತಹ ಹಳ್ಳಿಯಲ್ಲಿ ಹಕ್ಕಿಗೆಂದು ಯಾರೂ ಬಟ್ಟಲಿಡಬೇಕಾದ ಅಗತ್ಯವಿರಲಿಲ್ಲ. ಕಣದಲ್ಲಿ ತೆನೆಯನ್ನು ತುಳಿಸುವಾಗ ಚೆದರಿದ ಕಾಳು, ಹೆಂಗಸರು ಮೊರದಲ್ಲಿ ಕೇರುವಾಗ ಹಾರಿದ ನುಚ್ಚು, ಬಾವಿಕಟ್ಟೆಯ ಬಚ್ಚಲಲ್ಲಿ ನಿಂತ ನೀರು, ತಿಪ್ಪೆಯ ಹುಳು, ಬೇಲಿಯ ಕಂಟಿ, ನಾಡಹೆಂಚಿನ ಸಂದು, ಇವೆಲ್ಲವೂ ಸೇರಿ ಅನ್ನ, ನೀರು, ಆಶ್ರಯಗಳನ್ನು ಒದಗಿಸುತ್ತಿದ್ದುವು. ಮನುಷ್ಯನ ದುಡಿಮೆಯ ಉಳಿಕೆಯೇ ಹಕ್ಕಿಗೆ ಬದುಕಾಗಿದ್ದಿತು, ಅದು ಭಿಕ್ಷವಾಗಿರಲಿಲ್ಲ.

1945ರಲ್ಲಿ ಬೆಂಗಳೂರು ನಗರಾಭಿವೃದ್ಧಿಗಾಗಿ ಒಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಅಂದು ಗವರ್ನರ್ ಜನರಲ್ಲರಾಗಿದ್ದ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ರಾಜಾಜಿನಗರಕ್ಕೆ 1949ರಲ್ಲಿ ಅಸ್ತಿಭಾರವಾಯಿತು. ಕ್ರಮೇಣ ವಿಜಯನಗರ, ಬಸವೇಶ್ವರನಗರಗಳೂ, ಕೆಂಗೇರಿಯ ಉಪನಗರವೂ ಬೆಳೆದುವು. ಪ್ರಾರಂಭದ ದಿನಗಳಲ್ಲಿ ನಿವೇಶನದ ಸುತ್ತಲೂ ಮಣ್ಣಿನ ನೆಲವನ್ನು ಬಿಟ್ಟು ಮನೆಯನ್ನು ಕಟ್ಟುತ್ತಿದ್ದರು. ಮುಂದೆ ದಾಸವಾಳ, ಕರವೀರ. ಹಿಂದೆ ಸೀಬೆ, ನುಗ್ಗೆ, ಕರಿಬೇವು, ಒಂದು ತೆಂಗು. ಹಳ್ಳಿಯ ಹಕ್ಕಿಗಳು ಈ ಹಿತ್ತಿಲುಗಳಿಗೆ ಸುಲಭವಾಗಿ ಹೊಂದಿಕೊಂಡುವು. ದಾಸವಾಳಕ್ಕೆ ಸೂರಕ್ಕಿ, ಕರಿಬೇವಿನ ಹಣ್ಣಿಗೆ ಪಿಕಳಾರ ಮತ್ತು ಕೋಗಿಲೆ, ಸೀಬೆಗೆ ಗಿಳಿ, ನುಗ್ಗೆಯ ಒಣಕೊಂಬೆಯನ್ನು ಕೊರೆಯುವುದಕ್ಕೆ ಕುಟ್ರು ಹಕ್ಕಿ, ಬಚ್ಚಲ ಬದಿಯ ಹುಳಕ್ಕೆ ಮಡಿವಾಳ ಹಕ್ಕಿ ಬರುತ್ತಿದ್ದುವು.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಇಲ್ಲಿ ಸ್ಮರಿಸುವುದು ಉಚಿತ. 1939–40ರಲ್ಲಿ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಪರಿಶೀಲನೆಯನ್ನು ನಡೆಸಿದರು. ಅವರ ಪ್ರೇರಣೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇದು ರಾಜಾಶ್ರಯದ ಮಾದರಿ. ಜನಾಶ್ರಯದ ಮಾದರಿಯು ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಮದ್ದೂರು ತಾಲ್ಲೂಕಿನಲ್ಲಿ ದೊರೆಯುವ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಣ ಹುಣಸೆ ಮೊದಲಾದ ಮರಗಳಲ್ಲಿಯೇ ಗೂಡುಕಟ್ಟಿ ಮರಿಮಾಡುವುವು. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದಂತೆ ಇವು ಬಂದಿವೆಯೆಂದು ಊರವರ ಭಾವನೆ. ಆ ಹಕ್ಕಿಗಳಿಗೆ ಗ್ರಾಮಸ್ಥರು ಅನ್ನವನ್ನು ಹಾಕುವುದಿಲ್ಲ. ಅವುಗಳ ಆಹಾರವಾದ ಮೀನು ಕೆರೆ ಹೊಳೆಗಳಲ್ಲಿದೆ. ಊರವರು ಕೊಡುವುದು ಮರವನ್ನು ಮತ್ತು ಅಭಯವನ್ನು. ಹಿಕ್ಕೆಯು ಅವರ ಹೊಲಕ್ಕೆ ಗೊಬ್ಬರವಾಗುವುದು. 2007ರಲ್ಲಿ ಈ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

1976ರಲ್ಲಿ ಕೊಕ್ಕರೆಬೆಳ್ಳೂರನ್ನು ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದವರೂ ಅವರೇ. ಹಳ್ಳಿಯವರು ಹಕ್ಕಿಗೆ ಮರವನ್ನು ಬಿಟ್ಟುಕೊಟ್ಟುದನ್ನು ಕಂಡ ಕಣ್ಣೇ ಪಟ್ಟಣಕ್ಕೆ ಮರವನ್ನು ಕೊಟ್ಟಿತೆಂಬುದು ನೆನಪಿನಲ್ಲಿಡತಕ್ಕ ಸಂಗತಿ. 2021ರಲ್ಲಿ ಅವರು ದಿವಂಗತರಾದರು.

ಬೀದಿಗೆ ಮರ ಬಂದಿತು. ಆದರೆ ಮುಂದಿನ ದಶಕಗಳಲ್ಲಿ ಹಿತ್ತಿಲು ಹೋಯಿತು. ನೆಲದ ಬೆಲೆ ಏರಿತು. ಒಂದೇ ಅಂತಸ್ತಿನ ಮನೆಯಿದ್ದಲ್ಲಿ ನಾಲ್ಕು ಅಂತಸ್ತುಗಳು ಎದ್ದುವು. ಉಳಿದ ನೆಲಕ್ಕೆ ಸಿಮೆಂಟು ಬಿದ್ದಿತು. ಬಾವಿ ಮುಚ್ಚಿತು, ಹೆಂಚು ಹೋಗಿ ತಾರಸಿ ಬಂದಿತು, ಅಕ್ಕಿ ಶುದ್ಧವಾಗಿ ಚೀಲದಲ್ಲಿ ಬಂದುದರಿಂದ ಮೊರವು ಅಟ್ಟವನ್ನು ಸೇರಿತು. ದೇಶದ ಪಕ್ಷಿಗಳ ಸ್ಥಿತಿಯನ್ನು ಕುರಿತು 2020ರಲ್ಲಿ ಪ್ರಕಟವಾದ ವರದಿಯು ಗುಬ್ಬಚ್ಚಿಯು ಒಟ್ಟು ದೇಶದಲ್ಲಿ ಹೆಚ್ಚುಕಡಮೆ ಸ್ಥಿರವಾಗಿದ್ದರೂ ಬೆಂಗಳೂರೇ ಮೊದಲಾದ ಮಹಾನಗರಗಳಲ್ಲಿ ಇಳಿಮುಖವಾಗಿದೆಯೆಂದು ತಿಳಿಸಿದೆ.

ಈಗ ನಮ್ಮ ಸಂದೇಹಕ್ಕೆ ಬರೋಣ. ಕಾಳನ್ನು ಚೆಲ್ಲಿದರೂ ಗುಬ್ಬಚ್ಚಿ ಏಕೆ ಹೆಚ್ಚದು? ಬೆಳೆದ ಗುಬ್ಬಿಯು ಕಾಳನ್ನು ತಿನ್ನುವುದು ನಿಜ. ಆದರೆ ಅದರ ಮರಿಯು ಮೊದಲ ದಿನಗಳಲ್ಲಿ ಮುಖ್ಯವಾಗಿ ಕಂಬಳಿಹುಳು ಮುಂತಾದ ಮೆತ್ತನೆಯ ಕೀಟಗಳಿಂದಲೇ ಬೆಳೆಯಬೇಕು. ಗಿಡವಿಲ್ಲದ ಕಡೆ ಹುಳುವಿಲ್ಲ. ಹುಳುವಿಲ್ಲದ ಕಡೆ ಮರಿ ಉಳಿಯದು. ಪಾರಿವಾಳದ ರೀತಿಯೇ ಬೇರೆ. ಅದು ತನ್ನ ಗಂಟಲಚೀಲದಲ್ಲಿ ಹಾಲಿನಂತಹ ಒಂದು ಪದಾರ್ಥವನ್ನು ಉತ್ಪತ್ತಿಮಾಡಿ ಮರಿಗೆ ಉಣಿಸುವುದು. ತಾಯಿಗೂ ತಂದೆಗೂ ಈ ಶಕ್ತಿಯುಂಟು. ಆದುದರಿಂದ ಬರಿಯ ಕಾಳು ದೊರೆತರೂ ಪಾರಿವಾಳದ ಸಂಸಾರವು ನಡೆಯುವುದು. ಕಡಿದಾದ ಬಂಡೆಗಳ ಸಂದಿನಲ್ಲಿ ಗೂಡುಮಾಡುತ್ತಿದ್ದ ಹಕ್ಕಿಗೆ ನಮ್ಮ ಎತ್ತರದ ಕಟ್ಟಡಗಳ ಚಾಚು ಕಿಟಕಿಗಳು ಬಂಡೆಗಳೇ ಆಗಿವೆ. ನಾವು ಗುಬ್ಬಿಯನ್ನು ನೆನೆದು ಹಾಕಿದ ಕಾಳು, ನಮಗರಿವಿಲ್ಲದೆಯೇ, ಪಾರಿವಾಳವನ್ನು ಆರಿಸಿತು.

ಇದರಿಂದ ನೆರೆಹೊರೆಯ ಸ್ನೇಹವೂ ಕೆಡುತ್ತಿರುವುದು. ಒಂದು ಮನೆಯವರು ಪುಣ್ಯವೆಂದು ಜೋಳವನ್ನು ಸುರಿಯುವರು. ಪಕ್ಕದವರು ಹಿಕ್ಕೆಯನ್ನು ತಾಳಲಾರದೆ ಬಲೆಯನ್ನು ಕಟ್ಟಿಸುವರು. ಆ ಬಲೆಗೆ ಯಾವ ಅಪರಾಧವನ್ನೂ ಮಾಡದ ಇತರ ಪಕ್ಷಿಗಳು ಸಿಕ್ಕಿಕೊಳ್ಳುವುವು. ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಗಳಿಗೆ ಕಠಿನವಾದ ವ್ಯಾಧಿಯನ್ನು ತರಬಲ್ಲುದೆಂಬುದು ವೈದ್ಯರ ಮತ. ಮುಂಬಯಿಯಲ್ಲಿ ಬಹುಕಾಲದಿಂದ ಇದ್ದ ಪಾರಿವಾಳಗಳ ಅನ್ನಛತ್ರಗಳನ್ನು 2025ರಲ್ಲಿ ನಗರಸಭೆಯು ಮುಚ್ಚಿಸಿದಾಗ ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಇಲ್ಲಿ ಕಾಳು ಹಾಕುವವರ ಮನಸ್ಸು ಕೆಟ್ಟದೆಂದು ಯಾರೂ ಹೇಳರು. ದಯೆಗೆ ತಿಳಿವಳಿಕೆಯ ಜೊತೆ ಬೇಕೆಂಬುದಷ್ಟೇ ಮಾತು.

ಅನ್ಯದೇಶದ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1890–91ರ ಕಠಿನ ಚಳಿಗಾಲದಲ್ಲಿ ಹಕ್ಕಿಗಳಿಗೆ ಆಹಾರವಿಡಬೇಕೆಂದು ಪತ್ರಿಕೆಗಳು ಜನರನ್ನು ಪ್ರಾರ್ಥಿಸಿದುವು. ಕ್ರಮೇಣ ಅದು ಮನೆಮನೆಯ ರೂಢಿಯಾಯಿತು. ಹಿಮದಲ್ಲಿ ಅದರಿಂದ ಉಪಕಾರವಾದುದು ಸುಳ್ಳಲ್ಲ. ಆದರೆ 2005ರಿಂದೀಚೆಗೆ ಬಾಯಿ ಗಂಟಲುಗಳಿಗೆ ತಗಲುವ ಒಂದು ಸಾಂಕ್ರಾಮಿಕವು ಅಲ್ಲಿಯ ಹಸಿರು ಫಿಂಚ್ ಹಕ್ಕಿಗಳಲ್ಲಿ ಹಬ್ಬಿ ಅವುಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಿತು. ಒಂದೇ ತಟ್ಟೆಯಲ್ಲಿ ಅನೇಕ ಹಕ್ಕಿಗಳು ತಿಂದು ಕುಡಿದುದೇ ಅದು ಹಬ್ಬುವುದಕ್ಕೆ ದಾರಿಯಾಯಿತು. ಶುಚಿಯಿಲ್ಲದ ಅನ್ನದಾನವು ವಿಷದಾನವಾದೀತು.

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ಅನ್ನಕ್ಕಿಂತ ಮೊದಲು ನೀರು. ಎರಡಂಗುಲಕ್ಕಿಂತ ಆಳವಿಲ್ಲದ, ಒರಟಾದ ಮಣ್ಣಿನ ತಟ್ಟೆಯನ್ನು ಬೆಕ್ಕು ಹೊಂಚುಹಾಕಲಾಗದ ಸ್ಥಳದಲ್ಲಿಟ್ಟು, ನಿತ್ಯವೂ ಉಜ್ಜಿ ತೊಳೆದು ಹೊಸ ನೀರನ್ನು ತುಂಬಿದರೆ ಹಕ್ಕಿಗೆ ರೋಗವಿಲ್ಲ, ನಮಗೆ ಸೊಳ್ಳೆಯ ಭಯವಿಲ್ಲ. ಎರಡನೆಯದು ಗಿಡ. ನೆಲವಿಲ್ಲದವರು ಕುಂಡದಲ್ಲಿಯಾದರೂ ದಾಸವಾಳ, ರತ್ನಗಂಧಿ, ಕರಿಬೇವುಗಳನ್ನು ಬೆಳೆಸಬಹುದು. ನೆಲವುಳ್ಳವರು ಒಂದು ಸೀಬೆಯನ್ನೋ ಹಿಪ್ಪುನೇರಳೆಯನ್ನೋ ನೆಡಬಹುದು. ಬಯಲಿದ್ದಲ್ಲಿ ಅತ್ತಿಗೆ ಸಮನಾದುದು ಬೇರೊಂದಿಲ್ಲ. ಗಿಡಕ್ಕೆ ಕ್ರಿಮಿನಾಶಕವನ್ನು ಸಿಂಪಡಿಸಬಾರದು. ನಮ್ಮ ಕಣ್ಣಿಗೆ ಪೀಡೆಯಾದ ಹುಳುವು ಮರಿಯ ಬಾಯಿಗೆ ಹಾಲು. ಕಾಳು ಕಡೆಯದು; ಅದೂ ಹಿಡಿಯಷ್ಟು, ಸಂಜೆಗೆ ಉಳಿಯದಷ್ಟು. ಮಾಗಿದ ಬಾಳೆ ಪರಂಗಿಗಳ ತುಂಡುಗಳನ್ನಿಟ್ಟರೆ ಪಿಕಳಾರ ಕುಟ್ರುಗಳು ಬಂದಾವು. ಉಪ್ಪು ಎಣ್ಣೆಗಳುಳ್ಳ ತಿಂಡಿಯನ್ನು ಎಂದಿಗೂ ಹಾಕಬಾರದು.

ಗಾಯಗೊಂಡ ಹಕ್ಕಿ ಸಿಕ್ಕಿದರೆ ಪಂಜರದಲ್ಲಿಟ್ಟುಕೊಳ್ಳುವುದು ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಕಾಡುಗಿಳಿಯನ್ನು ಹಿಡಿದಿಡುವುದು ಅಪರಾಧ. ಕೆಂಗೇರಿಯಲ್ಲಿಯೇ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರು ವನ್ಯಪ್ರಾಣಿಗಳ ಆಸ್ಪತ್ರೆಯನ್ನು ನಡೆಸುತ್ತಿರುವುದು ಈ ಭಾಗದವರ ಭಾಗ್ಯವೆಂದೇ ಹೇಳಬೇಕು.

ಕಡೆಯ ಮಾತು. ತವರಿಗೆ ಬಂದ ಮಗಳಿಗೆ ಬಾಗಿಲಲ್ಲಿಯೇ ಒಂದು ಹಿಡಿ ಅಕ್ಕಿಯನ್ನು ಕೊಟ್ಟು ಯಾರೂ ಕಳುಹಿಸುವುದಿಲ್ಲ. ಇರುವುದಕ್ಕೊಂದು ಮೂಲೆಯನ್ನು ಬಿಟ್ಟುಕೊಡುವರು. ಕೊಕ್ಕರೆಬೆಳ್ಳೂರಿನ ಒಕ್ಕಲುಮಕ್ಕಳು ಇದನ್ನು ಯಾರಿಂದಲೂ ಕಲಿಯದೆ ಬಲ್ಲರು. ನಮ್ಮ ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಅಂತಹ ಮರವನ್ನು ನಾವು ಕೊಡಲಾರೆವು, ನಿಜ. ಆದರೆ ಒಂದು ಗಜದಷ್ಟು ನೆಲಕ್ಕೆ ಸಿಮೆಂಟನ್ನು ಹಾಕದೆ ಬಿಡುವುದು ನಮ್ಮ ಕೈಯಲ್ಲಿದೆ. ಅಲ್ಲಿ ಒಂದು ಗಿಡವೆದ್ದು, ಅದಕ್ಕೊಂದು ಹುಳು ಬಂದು, ಆ ಹುಳುವನ್ನು ಅರಸಿ ಒಂದು ಹಕ್ಕಿ ಬಂದರೆ, ನಮ್ಮ ಬೀದಿಯ ಚರಿತ್ರೆಗೆ ಮತ್ತೊಂದು ಅಧ್ಯಾಯವು ಪ್ರಾರಂಭವಾದಂತೆಯೇ ಸರಿ.